ಏರು ಬೇಡ, ಏರಿ ಸಾಕು: ಕಾವೇರಿ ಬಯಲಿನ ನಡಿಗೆ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಬೆಂಗಳೂರಿನವರು ನಂದಿ, ಸ್ಕಂದಗಿರಿ, ಸಾವನದುರ್ಗ ಅಂತ ರಾತ್ರಿಯೇ ಎದ್ದು ಬೆಟ್ಟಕ್ಕೆ ಹೊರಡುತ್ತಾರೆ, ಆದರೆ ಎರಡು ಮೂರು ಗಂಟೆ ದೂರದ ಕಾವೇರಿ ಬಯಲಲ್ಲಿ ಸುಮ್ನೆ ನಡೆಯಲು ಹೋಗುವವರು ಬಹಳ ಕಡಿಮೆ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮಂಡಿ ನೋವಿನವರು, ಚಿಕ್ಕ ಮಕ್ಕಳ ಅಮ್ಮಂದಿರು, ಗದ್ದೆ ನೋಡಿ ವರ್ಷಗಳಾದವರು, ಎಲ್ಲರೂ ಬರೆದಿದ್ದಾರೆ. ಈ ಸಲದ ಜಾಗವೆಲ್ಲ ಅವರಿಗೇ.

ನನಗೆ 64 ವರ್ಷ. ಮಂಡಿ ಸವೆದಿದೆ, ಬೆಟ್ಟ ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಲಾಲ್‌ಬಾಗ್‌ನಲ್ಲಿ ದಿನಾ ಐದು ಕಿಲೋಮೀಟರ್ ಆರಾಮಾಗಿ ನಡೆಯುತ್ತೇನೆ. ಮಕ್ಕಳು ಟ್ರೆಕ್ಕಿಂಗ್ ಹೋದಾಗ ನಾನೂ ನನ್ನ ಹೆಂಡತಿಯೂ ಮನೆ ಕಾಯುತ್ತೇವೆ. ಕಾರಿಲ್ಲ. ನಮಗೊಂದು ದಾರಿ ಹೇಳಿ.
— ನಿವೃತ್ತರು, ಬಸವನಗುಡಿ

ಸಾರ್, ನಿಮಗೆ ಮತ್ತು ಮೇಡಂಗೆ ಶ್ರೀರಂಗಪಟ್ಟಣ. ನೂರು ಸಲ ನೋಡಿದ ಊರು ಅನ್ನಬೇಡಿ. ನಾವೆಲ್ಲ ಅದನ್ನು ಕಾರಿನಿಂದ ಇಳಿದು ಹತ್ತಿ, ಇಳಿದು ಹತ್ತಿ ನೋಡಿದ್ದೇವೆ. ದೇವಸ್ಥಾನ, ಬೇಸಿಗೆ ಅರಮನೆ, ಗುಂಬಜ್, ಆಮೇಲೆ ಮೈಸೂರು. ಅದು ನದಿ ನಡುವಿನ ದ್ವೀಪ ಅನ್ನೋದೇ ಹಾಗೆ ನೋಡಿದರೆ ಗೊತ್ತಾಗುವುದಿಲ್ಲ. ಪಶ್ಚಿಮದಲ್ಲಿ ಕಾವೇರಿ ಎರಡು ಕವಲಾಗಿ ಒಡೆಯುತ್ತಾಳೆ, ಊರನ್ನು ಎರಡೂ ಕಡೆ ಬಳಸಿಕೊಂಡು ಬಂದು ಪೂರ್ವದ ತುದಿಯಲ್ಲಿ, ಸಂಗಮದ ಹತ್ತಿರ, ಮತ್ತೆ ಒಂದಾಗುತ್ತಾಳೆ. ಆದಿರಂಗ, ಮಧ್ಯರಂಗ, ಅಂತ್ಯರಂಗ ಅಂತ ರಂಗನಾಥ ಮಲಗಿರುವ ಮೂರು ಜಾಗವೂ ಕಾವೇರಿಯ ದ್ವೀಪಗಳೇ. ಶ್ರೀರಂಗಪಟ್ಟಣ, ಶಿವನಸಮುದ್ರ, ಆ ಕಡೆ ತಮಿಳುನಾಡಿನ ಶ್ರೀರಂಗ. ಮೊದಲನೆಯ ದ್ವೀಪವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲಲ್ಲಿ ಅಳೆಯಿರಿ.

ಬೆಂಗಳೂರಿಂದ ಮೈಸೂರು ಕಡೆಯ ಬೆಳಗಿನ ರೈಲು ಹಿಡಿಯಿರಿ. ಎಲ್ಲ ಎಕ್ಸ್‌ಪ್ರೆಸ್‌ಗಳೂ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ. ಬಸ್ಸಿಗೂ ಇದೇ ಮಾತು. ಈಗ ಹೆದ್ದಾರಿಯ ಬೈಪಾಸ್ ಆದಮೇಲೆ ತುಂಬಾ ಬಸ್ಸುಗಳು ಪೇಟೆಯೊಳಗೆ ಬರುವುದೇ ಇಲ್ಲ, ಕಂಡಕ್ಟರ್ ಹತ್ತಿರ ಕೇಳಿಯೇ ಹತ್ತಿ. ರೈಲಾದರೆ ಸ್ಟೇಷನ್ ಕೋಟೆಯ ಒಳಗೇ ಇದೆ, ಅದೇ ಅದರ ಚೆಂದ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು ಒಡೆಯದೆ, ಇಡೀ ಕಟ್ಟಡವನ್ನೇ 2017ರಲ್ಲಿ ಪಕ್ಕಕ್ಕೆ ಸರಿಸಿ ಕೂರಿಸಿದ್ದಾರೆ. ಇಳಿದ ಮೇಲೆ ಯಾರನ್ನಾದರೂ ಕೇಳಿದರೆ ತೋರಿಸುತ್ತಾರೆ.

ಈಗ ಮುಖ್ಯ ಮಾತು. ಸ್ಟೇಷನ್ನಿಂದ ನಡೆಯಲು ಶುರು ಮಾಡಬೇಡಿ. ಆಟೋ ಮಾಡಿಕೊಂಡು ಮೊದಲು ಸಂಗಮಕ್ಕೆ ಹೋಗಿ, ಅಲ್ಲಿಂದ ವಾಪಸ್ ನಡೆಯಿರಿ. ಯಾಕೆ ಅಂದರೆ ಸಂಗಮ ಪೂರ್ವಕ್ಕಿದೆ. ಬೆಳಗ್ಗೆ ಆ ಕಡೆ ನಡೆದರೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಆ ಕಡೆಯಿಂದ ಈ ಕಡೆ ಬಂದರೆ ಬಿಸಿಲು ಬೆನ್ನಿಗೆ, ನಡಿಗೆ ಮುಗಿಯುವುದೂ ಸ್ಟೇಷನ್ ಬಾಗಿಲಲ್ಲಿ. ಸುಸ್ತಾದರೆ ನಡುವೆ ಎಲ್ಲಿ ಬೇಕಾದರೂ ಆಟೋ ಸಿಗುತ್ತದೆ. ಅಲ್ಲಲ್ಲಿ ದಡಕ್ಕೆ ಹೋಗಿಬರುವುದು ಸೇರಿ ಐದಾರು ಕಿಲೋಮೀಟರ್, ಅಂದರೆ ನಿಮ್ಮ ದಿನದ ಲಾಲ್‌ಬಾಗ್‌ಗಿಂತ ಒಂಚೂರು ಜಾಸ್ತಿ ಅಷ್ಟೇ. ಬೆಟ್ಟದಲ್ಲಿ ಹತ್ತುವಾಗ ಉಸಿರಿಗೆ ಕಷ್ಟ, ಮಂಡಿಗೆ ಏಟು ಬೀಳುವುದು ಇಳಿಯುವಾಗ. ಇಲ್ಲಿ ಇಳಿತವೇ ಇಲ್ಲ.

ಸಂಗಮದಿಂದ ಗುಂಬಜ್, ಅಲ್ಲಿಂದ ಗಂಜಾಂ. ನಿಮಿಷಾಂಬ ದೇವಸ್ಥಾನದ ಹತ್ತಿರ ನದಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತುಬಿಡಿ, ಶುಕ್ರವಾರ ಭಾನುವಾರ ಬಿಟ್ಟು ಹೋಗಿ, ಆ ದಿನ ಕೂರಲು ಜಾಗ ಇರುವುದಿಲ್ಲ. ಮುಂದೆ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. 1784ರಲ್ಲಿ ಕಟ್ಟಿದ್ದು, ಹೆಚ್ಚಿನದೆಲ್ಲ ತೇಗದ ಮರ. ಪಶ್ಚಿಮದ ಗೋಡೆಯಲ್ಲಿ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಒಂದೊಂದು ಕುದುರೆಯನ್ನೂ ನಿಧಾನಕ್ಕೆ ನೋಡಿ, ತೋಟದಲ್ಲಿ ನೆರಳೂ ಚೆನ್ನಾಗಿದೆ.

ಕೋಟೆ ಸೇರುವ ಮೊದಲು ಒಂದು ಚೂರು ಬಳಸಿ ಹೋದರೂ ಪರವಾಗಿಲ್ಲ, ಉತ್ತರದ ಕವಲಿನ ಮೇಲಿರುವ ಹಳೇ ಕಲ್ಲಿನ ಸೇತುವೆ ನೋಡಿಯೇ ಬನ್ನಿ. ದಿವಾನ್ ಪೂರ್ಣಯ್ಯನವರು ನಿಂತು ಕಟ್ಟಿಸಿದ್ದು, 1804ರದು. ಕಮಾನು ಇಲ್ಲ. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ನಮ್ಮ ದೇವಸ್ಥಾನದ ಮಂಟಪ ಕಟ್ಟುವ ಹಾಗೇ ನದಿಗೆ ಸೇತುವೆ ಕಟ್ಟಿದ್ದಾರೆ. ದಡದಲ್ಲಿ ಬಗ್ಗಿ ನೋಡಿದರೆ ಕಂಬಗಳ ಸಾಲು ಒಂದರ ಹಿಂದೆ ಒಂದು ಕಿರಿದಾಗುತ್ತಾ ಹೋಗುತ್ತದೆ, ನೀರು ಇಳಿದ ಕಾಲದಲ್ಲಿ ಕಂಬದ ಮೇಲೆ ಪಾಚಿಯ ಗೆರೆ ಕಾಣುತ್ತದೆ. ನನಗಂತೂ ಆ ಊರಲ್ಲಿ ಅರಮನೆಗಿಂತ ಅದೇ ಇಷ್ಟ. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟಾಗ ಈ ಸೇತುವೆ, ಸಂಗಮ, ನಿಮಿಷಾಂಬದ ಮೆಟ್ಟಿಲು ಎಲ್ಲವೂ ಮುಳುಗುತ್ತವೆ. ಅಂಥ ಸುದ್ದಿ ಟೀವಿಯಲ್ಲಿ ಬಂದ ವಾರ ಹೋಗಬೇಡಿ.

ಮ್ಯಾಪ್‌ನಲ್ಲಿ ನೋಡಿದರೆ ಕೆಆರ್‌ಎಸ್‌ನಿಂದ ಮಂಡ್ಯ ಕಡೆಗೆ ವಿ.ಸಿ. ನಾಲೆಯ ಪಕ್ಕ ಉದ್ದಕ್ಕೂ ದಾರಿ ಕಾಣುತ್ತದೆ. ಎರಡು ದಿನದಲ್ಲಿ 30 ಕಿಲೋಮೀಟರ್ ನಡೆಯುವ ಯೋಚನೆ ಇದೆ. ಸಮತಟ್ಟು, ನೀರು, ಹಸಿರು. ತೊಂದರೆ ಏನಾದರೂ ಇದೆಯಾ?
— ಸಾಫ್ಟ್‌ವೇರ್ ಕೆಲಸದವರು, ಮಾರತ್‌ಹಳ್ಳಿ

ಇದೆ, ಮತ್ತು ನೀವು ಬರೆದ ಎರಡು ಮಾತಲ್ಲೇ ಇದೆ. ಸಮತಟ್ಟು, ನೀರು.

ಮೊದಲು ನೀರು. ವಿಶ್ವೇಶ್ವರಯ್ಯ ನಾಲೆ ದೊಡ್ಡದು, ಆಳ ಇದೆ, ಸೆಳೆತ ಇದೆ, ಬದಿಗೆ ಕಾಂಕ್ರೀಟ್ ಹಾಕಿದ ಕಡೆ ಹಿಡಿದು ಹತ್ತಲು ಒಂದು ಹುಲ್ಲು ಕಡ್ಡಿಯೂ ಇಲ್ಲ. ಈಜು ಬರುವವರೂ ಅದರಲ್ಲಿ ಬಿದ್ದು ಮೇಲೆ ಬರಲಾಗದೆ ಹೋಗಿದ್ದಾರೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ತೀರಿಹೋದರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ಆ ಕಡೆಯವರು ಇಂದಿಗೂ ಆ ದಿನದ ಬಗ್ಗೆ ದನಿ ತಗ್ಗಿಸಿಯೇ ಮಾತಾಡುತ್ತಾರೆ. ಹಾಗಾಗಿ ವಿ.ಸಿ. ನಾಲೆಯ ಏರಿ ಮೇಲೆ ಸೆಲ್ಫಿ, ಕಾಲು ತೊಳೆಯುವುದು, ಬಾಟಲಿ ತುಂಬುವುದು ಯಾವುದೂ ಬೇಡ. ನನ್ನ ಕೇಳಿದರೆ ಆ ನಾಲೆಯೇ ಬೇಡ.

ಅದರ ಬದಲು ಹಳೇ ನಾಲೆಗಳಿವೆ. ಕೆಆರ್‌ಎಸ್ ಕೆಲಸ ಶುರುವಾಗಿದ್ದು 1911ರಲ್ಲಿ, ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದೆಯೇ ಶ್ರೀರಂಗಪಟ್ಟಣದ ಸುತ್ತ ನದಿಗೆ ಕಟ್ಟೆ ಕಟ್ಟಿ ನಾಲೆ ತೆಗೆದಿದ್ದರು. ಚಿಕ್ಕದೇವರಾಜ ಒಡೆಯರ ಹೆಸರಿನ ಚಿಕ್ಕದೇವರಾಜಸಾಗರ ನಾಲೆ ಎಡದಂಡೆಯಲ್ಲಿ, ಜನ ಸಿ.ಡಿ.ಎಸ್. ನಾಲೆ ಅನ್ನುತ್ತಾರೆ. ವಿರಿಜಾ ನಾಲೆ ಬಲದಂಡೆಯಲ್ಲಿ. ಬಂಗಾರದೊಡ್ಡಿ ನಾಲೆಯಂತೂ ನದಿಯ ಕವಲನ್ನೇ ದಾಟಿ ದ್ವೀಪದೊಳಗೆ ಬರುತ್ತದೆ, ಕೆಳಗೆ ಹೊಳೆ, ಅದರ ಮೇಲೆ ಮೇಲ್ಗಾಲುವೆಯಲ್ಲಿ ನಾಲೆ. ನೀರಿನ ಮೇಲೆ ನೀರು ಹರಿಯುವುದನ್ನು ನಿಂತು ನೋಡಿದರೆ ಆ ಕಾಲದವರ ಲೆಕ್ಕಾಚಾರಕ್ಕೆ ಕೈ ಮುಗಿಯಬೇಕು ಅನ್ನಿಸುತ್ತದೆ. ಈ ನಾಲೆಗಳು ಕಿರಿದು, ಊರು ಊರಿಗೂ ಹತ್ತಿರ, ಏರಿ ಮೇಲೆ ತೆಂಗು, ಹೊಂಗೆ ಸಿಗುತ್ತವೆ. ಇಲ್ಲೂ ನೀರಿಗೆ ಇಳಿಯಬಾರದು, ಆದರೆ ನಡೆಯಲು ಮನಸ್ಸಿಗೆ ಹಗುರ.

ಈಗ ಸಮತಟ್ಟು. ಬೆಟ್ಟದಲ್ಲಿ ಅಲ್ಲಲ್ಲಿ ಬಂಡೆ ನೆರಳು, ಮೇಲೆ ಗಾಳಿ. ಬಯಲಲ್ಲಿ ಎರಡೂ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಶ್ರೀರಂಗಪಟ್ಟಣ 680ರ ಆಸುಪಾಸು. ಬಿಸಿಲು ಅಷ್ಟರಮಟ್ಟಿಗೆ ಜಾಸ್ತಿಯೇ. ಒಂದು ಏಪ್ರಿಲ್‌ನಲ್ಲಿ ನಾನೂ ಗೆಳೆಯನೂ ಹತ್ತೂವರೆಗೆ ನಾಲೆ ಏರಿ ಹಿಡಿದೆವು, ದಾರಿ ನೇರ ಇದೆ, ಒಂದು ಗಂಟೆಯಲ್ಲಿ ಮುಂದಿನ ಊರು ಅಂದುಕೊಂಡು. ಎರಡೂ ಬದಿ ಆಳುದ್ದ ಕಬ್ಬು. ಕಬ್ಬಿನ ನಡುವೆ ಗಾಳಿ ಆಡುವುದಿಲ್ಲ, ಒಲೆ ಮುಂದೆ ಕೂತ ಹಾಗೆ. ಮೂರು ಕಿಲೋಮೀಟರ್ ಒಂದು ಮರ ಇಲ್ಲ, ನಾಲೆಯಲ್ಲಿ ನೀರೂ ಇಲ್ಲ. ಗೆಳೆಯನಿಗೆ ತಲೆ ಸುತ್ತಿ ಬಂದು ಏರಿ ಮೇಲೇ ಕೂತುಬಿಟ್ಟ. ಪಂಪ್‌ಸೆಟ್ ಮನೆ ಹತ್ತಿರ ಇದ್ದ ಅಜ್ಜಿಯೊಬ್ಬರು ನೋಡಿ, ಯಾರು ಏನು ಅಂತಲೂ ಕೇಳದೆ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟರು, ಉಪ್ಪು ಹಾಕಿ. ಅವತ್ತಿನಿಂದ ನನ್ನ ನಿಯಮ ಒಂದೇ: ಬೆಳಗ್ಗೆ ಆರೂವರೆಯಿಂದ ಹತ್ತು, ಸಂಜೆ ನಾಲ್ಕರಿಂದ ಆರು. ನಡುವೆ ಊರಲ್ಲಿ, ಮರದ ಕೆಳಗೆ, ಜಗುಲಿ ಮೇಲೆ.

ಆದ್ದರಿಂದ ಎರಡು ದಿನಕ್ಕೆ 30 ಕಿಲೋಮೀಟರ್ ಬೇಡ, 16 ಸಾಕು.

ಹೊರಡುವ ಮೊದಲು ನಾಲೆಯಲ್ಲಿ ನೀರಿದೆಯಾ ಅಂತ ತಿಳಿದುಕೊಳ್ಳಿ. ನೀರು ವರ್ಷವೆಲ್ಲ ಹರಿಯುವುದಿಲ್ಲ. ಅಣೆಕಟ್ಟೆಯಲ್ಲಿ ಎಷ್ಟಿದೆ ನೋಡಿಕೊಂಡು ಬಿಡುತ್ತಾರೆ, ಕಡಿಮೆ ಇದ್ದರೆ ಕಟ್ಟು ನೀರು, ಅಂದರೆ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಊರಲ್ಲಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನು ಕೇಳಿದರೆ ಯಾವ ತೂಬು ಯಾವತ್ತು ತೆಗೆಯುತ್ತಾರೆ ಅನ್ನುವುದೂ ಗೊತ್ತಿರುತ್ತದೆ. ಏರಿ ಒಡೆದಿದ್ದರೆ, ರಿಪೇರಿ ನಡೀತಿದ್ದರೆ ಅವರೇ ಹೇಳುತ್ತಾರೆ. ಇನ್ನೊಂದು ಮಾತು, ನಾಲೆ ಏರಿ ಬೇರೆ, ಗದ್ದೆ ಬದು ಬೇರೆ. ಬದು ರೈತರದು. ಕೇಳದೆ ಇಳಿಯಬೇಡಿ. ನಾಟಿ ಆದ ಹೊಸತರಲ್ಲಿ ಬದುವಿನ ಮಣ್ಣು ಹಸಿ ಇರುತ್ತದೆ, ನೀವು ಕಾಲಿಟ್ಟ ಕಡೆ ಕುಸಿದರೆ ಒಂದು ರಾತ್ರಿಯಲ್ಲಿ ಗದ್ದೆಯ ನೀರೆಲ್ಲ ಹೋಗುತ್ತದೆ.

ದಾರಿಯಲ್ಲಿ ಆಲೆಮನೆ ಸಿಕ್ಕರೆ ದಾಟಿ ಹೋಗಬೇಡಿ. ದೂರದಿಂದಲೇ ಹೊಗೆ ಕಾಣುತ್ತದೆ, ಆಮೇಲೆ ವಾಸನೆ. ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತಳ್ಳುತ್ತಿರುತ್ತಾರೆ. ಕೊಪ್ಪರಿಗೆಯಲ್ಲಿ ಹಾಲು ಉಕ್ಕುವ ಹಾಗೆ ಉಕ್ಕುತ್ತಿದ್ದ ರಸ ಹದ ಹತ್ತಿರ ಬಂದ ಹಾಗೆ ಸದ್ದು ಬದಲಾಗುತ್ತದೆ, ಗುಳುಗುಳು ಹೋಗಿ ಪಟಪಟ ಅನ್ನುತ್ತದೆ. ಪಾಕ ನೋಡುವವರು ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಆಮೇಲೆ ಅಚ್ಚಿಗೆ. ಅಲ್ಲಿ ಕೈಗಿಟ್ಟ ಬಿಸಿ ಬೆಲ್ಲದ ರುಚಿ ನಮ್ಮ ಅಂಗಡಿಯ ಯಾವ ಅಚ್ಚಿನಲ್ಲೂ ಇಲ್ಲ. ಒಂದೆರಡು ಕಿಲೋ ಕೊಂಡುಕೊಂಡು ಬನ್ನಿ, ಸುಮ್ನೆ ತಿಂದು ಬರಬೇಡಿ.

ಟ್ರೆಕ್ಕಿಂಗ್ ಶೂ ಬೇಕಾ? ಕೋಲು ಬೇಕಾ?
— ಓದುಗರು, ರಾಜಾಜಿನಗರ

ಮಾಮೂಲಿ ವಾಕಿಂಗ್ ಶೂ ಸಾಕು, ಚಪ್ಪಲಿ ಬೇಡ. ಏರಿ ಮೇಲೆ ಜಾಲಿ ಮುಳ್ಳು ಇರುತ್ತದೆ, ಗದ್ದೆ ಬಯಲಲ್ಲಿ ಕೊಳಕುಮಂಡಲ ಹಾವು ಇರುತ್ತದೆ. ಪ್ಯಾಂಟು ಉದ್ದ ಇರಲಿ. ಕೋಲು ಹಿಡಿದರೆ ಒಳ್ಳೆಯದು, ಹುಲ್ಲು ಬೆಳೆದ ಕಡೆ ನೆಲಕ್ಕೆ ತಟ್ಟಿಕೊಂಡು ಹೋಗಿ, ಊರ ನಾಯಿಗೂ ಆಗುತ್ತದೆ. ಟೋಪಿ ಅಥವಾ ತಲೆಗೆ ಟವೆಲ್. ಒಬ್ಬರಿಗೆ ಎರಡು ಲೀಟರ್ ನೀರು, ಅದರಲ್ಲಿ ರಾಜಿ ಬೇಡ.

ಮಕ್ಕಳಿಗೆ ಏಳು ಮತ್ತು ಹತ್ತು ವರ್ಷ. ನಡೆಯಿರಿ ಅಂದರೆ ಅಳುತ್ತಾರೆ. ತಲಕಾಡಿಗೆ ಕರೆದುಕೊಂಡು ಹೋದರೆ ಹೇಗೆ?
— ಅಮ್ಮ, ವಿಜಯನಗರ

ತಲಕಾಡಲ್ಲಿ ಯಾವ ಮಗುವೂ ಅಳುವುದಿಲ್ಲ ಅಮ್ಮ, ಕಾಲ ಕೆಳಗೆ ಮರಳಿದೆ! ಪಾತಾಳೇಶ್ವರ, ಮರುಳೇಶ್ವರ, ವೈದ್ಯೇಶ್ವರ, ಕೀರ್ತಿನಾರಾಯಣ, ಎಲ್ಲವೂ ದಿಬ್ಬಗಳ ನಡುವೆ ಹಳ್ಳದಲ್ಲಿ ಕೂತ ಹಾಗಿವೆ. ಮರಳು ತೆಗೆದು ಮೆಟ್ಟಿಲಿಳಿದು ಹೋಗುವ ದೇವಸ್ಥಾನ ಅಂದರೆ ಮಕ್ಕಳಿಗೆ ಅದೇ ಒಂದು ಆಟ. ದಾರಿಯಲ್ಲಿ ಅಲಮೇಲಮ್ಮನ ಕತೆ ಹೇಳಿ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಅಂತ ಅವಳು ಶಾಪ ಹಾಕಿದ್ದು. ದೊಡ್ಡ ಮಗುವಿಗೆ ಇನ್ನೊಂದು ಕತೆಯನ್ನೂ ಹೇಳಬಹುದು. ಮೇಲೆ ನದಿಗೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಕೆಳಗಿನ ಪಾತ್ರದಲ್ಲಿ ಮರಳು ಬಯಲಾಗಿ, ಗಾಳಿ ಅದನ್ನು ಊರ ಮೇಲೆ ತಂದು ಸುರಿಯಿತು ಅನ್ನುವ ವಿವರಣೆಯೂ ಇದೆ. ಆ ಕಟ್ಟೆ ಈಗಲೂ ಇದೆ. ಎರಡೂ ಕತೆ ಗೊತ್ತಿರಲಿ, ಅಲ್ವಾ?

ಬೆಳಗ್ಗೆ ಬೇಗ ತಲುಪಬೇಕು. ಹತ್ತರ ಮೇಲೆ ಮರಳು ಸುಡುತ್ತದೆ, ಬರಿಗಾಲಲ್ಲಿ ಇಡಲಾಗುವುದಿಲ್ಲ. ಮರಳಲ್ಲಿ ಒಂದು ಕಿಲೋಮೀಟರ್ ಅಂದರೆ ಗಟ್ಟಿ ನೆಲದ ಎರಡು ಅಂತ ಲೆಕ್ಕ ಇಟ್ಟುಕೊಳ್ಳಿ. ಬಸ್ಸಾದರೆ ಕನಕಪುರ ದಾರಿಯಲ್ಲಿ ಮಳವಳ್ಳಿ, ಅಲ್ಲಿಂದ ತಲಕಾಡು.

ಒಂದು ಮಾತು ಕೈ ಹಿಡಿದು ಹೇಳುತ್ತೇನೆ. ತಲಕಾಡಿನ ಹೊಳೆ ನೋಡಲು ಮೊಣಕಾಲುದ್ದ, ನಗುತ್ತಾ ಹರಿಯುತ್ತದೆ. ಒಂದು ಹೆಜ್ಜೆ ಆಚೆ ಮಡು ಇರುತ್ತದೆ, ಕೆಳಗೆ ಮರಳು ಸರಿಯುತ್ತಿರುತ್ತದೆ. ನಿನ್ನೆ ನಿಂತ ಜಾಗ ಇವತ್ತು ಇರುವುದಿಲ್ಲ. ಬೆಂಗಳೂರಿಂದ ಹೋದ ಎಷ್ಟೋ ಹುಡುಗರು ಅಲ್ಲಿ ಹೋಗಿಬಿಟ್ಟಿದ್ದಾರೆ. ಬೇರೆಯವರು ಆಡುತ್ತಿದ್ದಾರಲ್ಲ ಅಂತ ಮಕ್ಕಳನ್ನು ಬಿಡಬೇಡಿ. ದಡದಲ್ಲಿ ಕೂತು ಕಾಲು ನೆನೆಸಲಿ, ಅವರ ತೋಳು ನಿಮ್ಮ ಕೈಯಲ್ಲಿರಲಿ.

ಯಾವ ತಿಂಗಳು ಒಳ್ಳೆಯದು? ಹಕ್ಕಿ ನೋಡುವ ಆಸೆಯೂ ಇದೆ.
— ಕಾಲೇಜು ವಿದ್ಯಾರ್ಥಿನಿ, ಮಲ್ಲೇಶ್ವರ

ನಡಿಗೆಗೆ ನವೆಂಬರ್‌ನಿಂದ ಫೆಬ್ರವರಿ. ಬೆಳಗ್ಗೆ ಮಂಜು, ಭತ್ತದ ಕೊಯ್ಲು, ಸಂಕ್ರಾಂತಿ ಹೊತ್ತಿಗೆ ಎಲ್ಲೆಲ್ಲೂ ಒಕ್ಕಣೆ. ಹಸಿರೇ ಬೇಕು ಅಂದರೆ ನಾಟಿ ಮುಗಿದ ಸೆಪ್ಟೆಂಬರ್, ಆದರೆ ಕೆಸರು.

ಹಕ್ಕಿಗೆ ಎಲ್ಲರೂ ರಂಗನತಿಟ್ಟು ಹೇಳುತ್ತಾರೆ, ಹೋಗಿ, ಚೆನ್ನಾಗಿದೆ. ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆದದ್ದು. ಆದರೆ ಅಲ್ಲಿ ದೋಣಿಯಲ್ಲಿ ಕೂರುತ್ತೀರಿ, ನಡೆಯುವುದು ಕಡಿಮೆ. ನಿಮಗೆ ನಾನು ಹೇಳುವುದು ಕೊಕ್ಕರೆಬೆಳ್ಳೂರು. ಮದ್ದೂರು ತಾಲ್ಲೂಕು, ಶಿಂಷಾ ಹೊಳೆ ಹತ್ತಿರ, ಬೆಂಗಳೂರಿಂದ ಸುಮಾರು 80 ಕಿಲೋಮೀಟರ್. ಜನವರಿಯಿಂದ ಏಪ್ರಿಲ್ ಒಳಗೆ ಹೋದರೆ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರ, ಅತ್ತಿ ಮರದಲ್ಲೇ ಗೂಡು ಕಟ್ಟಿರುತ್ತವೆ. ಮನೆ ಹೆಂಚಿನ ಮೇಲೆ ಹೆಜ್ಜಾರ್ಲೆಯ ನೆರಳು ಹಾಯುತ್ತದೆ, ಕೆಳಗೆ ಅಮ್ಮಂದಿರು ರಾಗಿ ಒಣಹಾಕುತ್ತಿರುತ್ತಾರೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ನೋಡುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಊರು ಸುತ್ತಿ, ಹೊಲದ ದಾರಿ ಹಿಡಿದು ಹೊಳೆ ಕಡೆ ಹೋಗಿ ಬನ್ನಿ. ಮರದ ಕೆಳಗೆ ಜೋರಾಗಿ ಮಾತಾಡಬೇಡಿ, ಡ್ರೋನ್ ಹಾರಿಸಬೇಡಿ. ಹೆದರಿದ ತಾಯಿ ಎದ್ದರೆ ಮರಿ ಕೆಳಗೆ ಬೀಳುತ್ತದೆ.

ನಾವು ಮೂವರು ಹೆಂಗಸರು, ಐವತ್ತರ ಆಸುಪಾಸು. ಗಂಡಸರ ಜೊತೆ ಇಲ್ಲದೆ ಈ ದಾರಿಗಳಲ್ಲಿ ಹೋಗಬಹುದಾ? ಚಿರತೆ ಇದೆ ಅಂತಾರೆ.
— ಗೆಳತಿಯರು, ಜಯನಗರ

ಧಾರಾಳವಾಗಿ ಹೋಗಿ ಅಕ್ಕ. ಚಿರತೆ ಸುದ್ದಿ ಸುಳ್ಳಲ್ಲ. ಕಬ್ಬಿನ ಗದ್ದೆ ಅದಕ್ಕೆ ಅಡಗಲು ಒಳ್ಳೆ ಜಾಗ, ಮರಿಯನ್ನೂ ಅಲ್ಲೇ ಹಾಕುತ್ತದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ, 2023ರ ಆರಂಭದಲ್ಲಿ ದಾಳಿಗೆ ಸಿಕ್ಕಿ ಜನ ಸತ್ತಿದ್ದಾರೆ. ಹಾಗಾಗಿ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಕತ್ತಲಾಗುವ ಮೊದಲು ಊರು ಸೇರಿ, ಕಬ್ಬಿನೊಳಗೆ ಹೋಗುವ ಕಾಲುದಾರಿ ಹಿಡಿಯಬೇಡಿ. ಮೂವರೂ ಜೊತೆಗಿರಿ. ಊರವರು ಇವತ್ತು ಆ ಕಡೆ ಬೇಡ ಅಂದರೆ ವಾದ ಮಾಡದೆ ತಿರುಗಿ ಬನ್ನಿ.

ಜನರ ಬಗ್ಗೆ ಕೇಳಿದರೆ, ಆ ಕಡೆ ಹೆಂಗಸರು ಗದ್ದೆ ಕೆಲಸಕ್ಕೆ ಗುಂಪಾಗಿ ಹೋಗುತ್ತಲೇ ಇರುತ್ತಾರೆ, ದಾರಿ ಪೂರ್ತಿ ಯಾರಾದರೂ ಸಿಗುತ್ತಾರೆ. ಎಲ್ಲಿಗವ್ವಾ, ಯಾವೂರು, ಯಾಕೆ ನಡ್ಕೊಂಡು ಹೋಗ್ತಿದೀರಿ, ಬಸ್ಸು ಸಿಗಲಿಲ್ವಾ ಅಂತ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳದೆ ನಿಂತು ಉತ್ತರ ಕೊಡಿ. ಮೂವರು ಹೆಂಗಸರು ಬೆಳಗ್ಗೆ ಈ ಕಡೆ ಹೋದರು ಅಂತ ನಾಲ್ಕು ಜನಕ್ಕೆ ಗೊತ್ತಿದ್ದರೆ ಅದಕ್ಕಿಂತ ದೊಡ್ಡ ಕಾವಲು ಬೇರೆ ಬೇಕಾಗುವುದಿಲ್ಲ.

ಶೌಚಾಲಯದ ವಿಷಯ ನೀವು ಪತ್ರದಲ್ಲಿ ಕೇಳಿಲ್ಲ, ಆದರೆ ಹೇಳಿಬಿಡುತ್ತೇನೆ. ಏರಿ ಮೇಲೆ ಎಲ್ಲೂ ಇಲ್ಲ. ಅದಕ್ಕೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ನಮ್ಮ ಹೆಂಗಸರು ಹಾಗೆ ಮಾಡಿಯೇ ಬಿಸಿಲಿಗೆ ಬೀಳುವುದು. ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು ಬಿಡುವ ಮೊದಲು ಒಮ್ಮೆ, ಆಮೇಲೆ ಊರು ಸಿಕ್ಕಾಗ ಯಾವುದಾದರೂ ಮನೆಯ ಹೆಂಗಸರನ್ನು ಕೇಳಿ. ಇಲ್ಲ ಅಂದವರನ್ನು ನಾನಿನ್ನೂ ನೋಡಿಲ್ಲ.

ಮೊದಲ ಸಲಕ್ಕೆ ಬಸವನಗುಡಿ ಸಾರ್‌ಗೆ ಹೇಳಿದ ದಾರಿಯನ್ನೇ ನೀವೂ ಹಿಡಿಯಿರಿ, ಸಂಗಮದಿಂದ ಸ್ಟೇಷನ್‌ವರೆಗೆ. ವಾಪಸ್ ರೈಲಿನ ಹೊತ್ತು ಬೆಳಗ್ಗೆ ಇಳಿದಾಗಲೇ ಅಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋದರೆ ಚಿತ್ರಾನ್ನ ಬೇಡ, ಬಿಸಿಲಿಗೆ ಬೇಗ ಹಳಸುತ್ತದೆ. ಬಸಿದ ಮೊಸರು ಕಲಸಿದ ಅವಲಕ್ಕಿ, ಉಪ್ಪಿನಕಾಯಿ, ನಾಲ್ಕು ಸೌತೆಕಾಯಿ.